ಚೂಪು ಹಲ್ಲಿನ ಚೈನ್ ಟ್ರ್ಯಾಕ್ಟರು

ನಮ್ಮ ಮನೆಗೆ ಹಿತ್ತಲ ಕಡೆಯಿಂದ ಬರುವವರು ಚಪ್ಪಲಿಯ ಕೆಸರನ್ನು ಬಾಗಿಲ ಬಳಿಯ ಕಬ್ಬಿಣದ ಪಟ್ಟಿಗೆ ಉಜ್ಜಿಯೇ ಒಳಗೆ ಬರಬೇಕು. ಒಂದು ಮೊಳ ಉದ್ದ, ಅಂಗೈಗಿಂತ ತುಸು ಹೆಚ್ಚು ಅಗಲ, ನಡುವೆ ಬೆನ್ನುಮೂಳೆಯಂತೆ ಎದ್ದು ನಿಂತ ಒಂದು ಏಣು. ಕೆಸರು ಕೆರೆಯಲೆಂದೇ ಯಾರೋ ಹೇಳಿ ಮಾಡಿಸಿದ ಹಾಗಿದೆ. ಹೊಸಬರು ಬಂದರೆ, "ಇದನ್ನ ಎಲ್ಲಿ ಮಾಡಿಸಿದ್ರಿ? ಚೆನ್ನಾಗದೆ, ನಮಗೂ ಒಂದು ಬೇಕಿತ್ತು" ಅನ್ನುತ್ತಾರೆ. ನಾನು "ಹಳೇದು, ಬಿದ್ದಿತ್ತು" ಎಂದು ಹೇಳಿ ಕಾಫಿ ಇಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ಹೇಳಿದ್ದು ಸುಳ್ಳಲ್ಲ. ಪೂರ್ತಿ ಹೇಳಲು ಹೊರಟರೆ ಮಾತ್ರ ಹಾಲು ಉಕ್ಕಿ ಒಲೆ ಆರುತ್ತದೆ. ಇವತ್ತು ಹಾಲು ಕಾಸಿ ಇಳಿಸಿಯಾಗಿದೆ, ಸೊಪ್ಪು ಸೋಸಿಯಾಗಿದೆ, ಮನೆಯವರು ನಂಜನಗೂಡಿಗೆ ಹೋಗಿದ್ದಾರೆ. ಹೇಳುತ್ತೇನೆ, ಕೂತುಕೊಳ್ಳಿ.

ನನ್ನ ತವರು ತಿ. ನರಸೀಪುರದ ಪಕ್ಕದ ಒಂದು ಹಳ್ಳಿ. ನಮ್ಮಪ್ಪ ಗುರುಮಲ್ಲಪ್ಪ ಆ ಕಡೆಯ ದನದ ಸಂತೆಗಳಲ್ಲಿ ಹಲ್ಲು ನೋಡುವವರು. ಹಲ್ಲಿನ ಡಾಕ್ಟರಲ್ಲ, ಎತ್ತಿನ ಬಾಯಿ ಬಿಡಿಸಿ ಪ್ರಾಯ ಹೇಳುವವರು. ಹಾಲುಹಲ್ಲಿನ ಕರು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದು, ಆಮೇಲೆ ಸವೆಯುತ್ತ ಸವೆಯುತ್ತ ಮೊಂಡಾದದ್ದು. ಹಲ್ಲು ಚೂಪಾಗಿದ್ದರೆ ಹರೆಯ, ಮೊಂಡಾದರೆ ಮುಪ್ಪು. ಅಪ್ಪನಿಗೆ ಈ ಲೋಕದ ಲೆಕ್ಕವೆಲ್ಲ ಇಷ್ಟೇ ಆಗಿತ್ತು. ನಾವು ಮಕ್ಕಳು ಜ್ವರ ಬಂದು ಮಲಗಿದರೂ ಅಪ್ಪ ಮೊದಲು ಹಣೆ ಮುಟ್ಟುತ್ತಿರಲಿಲ್ಲ, "ಬಾಯಿ ತೆಗಿ" ಅನ್ನುತ್ತಿದ್ದರು. ನನ್ನನ್ನು ನೋಡಲು ಗಂಡಿನವರು ಬಂದ ದಿನ ಅಪ್ಪ ತಮ್ಮ ಜನ್ಮದಲ್ಲೇ ಆಡದಷ್ಟು ತಮಾಷೆ ಆಡಿದರು. ಹುಡುಗ ನಗಲಿ, ಹಲ್ಲು ಕಾಣಲಿ ಅಂತ. ನಮ್ಮ ಮನೆಯವರು ಆಗಲೂ ಈಗಿನಂತೆಯೇ ಗಂಭೀರ, ನಗಲೇ ಇಲ್ಲ. ಅಪ್ಪ ಸೋಲಲಿಲ್ಲ. ಒಳಗಿಂದ ಗಟ್ಟಿ ಕೊಬ್ಬರಿ ಮಿಠಾಯಿ ತರಿಸಿ ಕಚ್ಚಿಸಿದರು. ಕಡಿದ ಸದ್ದು ಕೇಳಿ ಸಮಾಧಾನವಾಗಿ, ಎಲೆ ಅಡಿಕೆ ತಟ್ಟೆ ಮುಂದಕ್ಕೆ ತಳ್ಳಿದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ.

ಸಂತೆಯಲ್ಲಿ ಅಪ್ಪ ದಳ್ಳಾಳಿ ಅಲ್ಲ. ದಳ್ಳಾಳಿಗಳು ಕಮಿಷನ್ ತಗೊಳ್ಳುತ್ತಾರೆ, ಅಪ್ಪ ತಗೊಳ್ಳುತ್ತಿದ್ದದ್ದು ಎರಡು ಎಲೆ, ಒಂದು ಹೋಳು ಅಡಿಕೆ. ಅದಕ್ಕೇ ಅವರ ಮಾತಿಗೆ ಬೆಲೆ. ಹಲ್ಲು ನೋಡಿ, ಹೆಗಲ ಟವಲು ತೆಗೆದು, ಮಾರುವವನ ಕೈಯನ್ನು ಟವಲಿನಡಿ ಹಿಡಿಯುತ್ತಿದ್ದರು. ಬೆರಳು ಮುಟ್ಟಿ, ಬೆರಳು ಮಡಚಿ, ಬೆಲೆ ಅಲ್ಲೇ ಕತ್ತಲಲ್ಲಿ ತೀರ್ಮಾನ. ಸುತ್ತ ನಿಂತವರಿಗೆ ಟವಲಿನ ಮಡಿಕೆ ಅಲುಗುವುದಷ್ಟೇ ಕಾಣುವುದು. ಅಪ್ಪನದು ಇನ್ನೊಂದು ಪದ್ಧತಿಯಿತ್ತು. ಕೊಳ್ಳುವಾಗ ತಾವು ಕೈ ಇಟ್ಟ ರಾಸನ್ನು ಮುಂದೆಂದಾದರೂ ಮಾರುವುದಾದರೆ, ಆಗಲೂ ತಮ್ಮನ್ನೇ ಕರೆಯಬೇಕು. ಬೇರೆಯವರು ಕೈ ಇಟ್ಟರೆ ಅಪ್ಪನ ಮಾತಿನ ಮೇಲೆ ಇನ್ನೊಬ್ಬರು ಮಾತು ಇಟ್ಟ ಹಾಗೆ. ಇದು ಸುತ್ತಿನ ರೈತರಿಗೆಲ್ಲ ಗೊತ್ತಿತ್ತು. ನಾನು ಹೆಮ್ಮರಗಾಲಕ್ಕೆ ಸೊಸೆಯಾಗಿ ಬಂದ ಮೇಲೆ ಇಲ್ಲಿಗೂ ಗೊತ್ತಾಯಿತು. ಯಾಕೆಂದರೆ ಕೊಳಾಯಿ ಹತ್ತಿರ ನಾನೇ ಹೇಳಿದ್ದು. "ನಮ್ಮಪ್ಪ ಎತ್ತಿನ ಬಾಯಿಗೆ ಕೈ ಹಾಕಿದ್ರೆ ಅದು ಹುಟ್ಟಿದ ಕೊಟ್ಟಿಗೆ ಕೂಡ ಹೇಳ್ತಾರೆ. ಕೊಳ್ಳೋವಾಗ ಅವ್ರ ಕೈ ಬಿದ್ರೆ ಮಾರೋವಾಗ್ಲೂ ಅವ್ರದೇ ಕೈ." ಹೊಸ ಸೊಸೆ, ತಂದ ಪಾತ್ರೆ ಪಡಗ ಕಡಿಮೆ. ಅಪ್ಪನ ಹೆಸರನ್ನೇ ಬೆಳಗಿ ಬೆಳಗಿ ಜೋಡಿಸಿಟ್ಟುಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಾಲೆ ನೀರು ನಮ್ಮ ಮೇಲಿನ ಹೊಲದ ತನಕ ಬರುತ್ತದೆಂದು ಖಾತ್ರಿಯಾಯಿತು. ಆ ಹೊಲವೋ ಆನೆ ಮಲಗಿದ ಹಾಗೆ, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಮಟ್ಟ ಮಾಡದೆ ಭತ್ತ ನಾಟುವಂತಿಲ್ಲ. ನಮ್ಮ ಮಾವ ಶಿವಬಸಪ್ಪನವರು ಮಾತು ಕಮ್ಮಿ, ಹಟ ಜಾಸ್ತಿ. ಬಾಡಿಗೆ ಬುಲ್ಡೋಜರಿಗೆ ಸರದಿ ಕಾಯುವ ಬದಲು ಸ್ವಂತಕ್ಕೇ ಒಂದು ತಂದುಬಿಡೋಣ, ನಮ್ಮ ಹೊಲ ಆದ ಮೇಲೆ ಊರವರ ಹೊಲಕ್ಕೂ ಓಡಿಸಬಹುದು ಎಂದು ಲೆಕ್ಕ ಹಾಕಿದರು. ಆಗ ಗೊತ್ತಾದದ್ದು, ತಿ. ನರಸೀಪುರದಲ್ಲಿ ಒಬ್ಬ ಕಂಟ್ರಾಕ್ಟರು ತನ್ನ ಹಳೆಯ ಚೈನ್ ಟ್ರ್ಯಾಕ್ಟರು ಮಾರುತ್ತಾನೆ ಅಂತ. ಚಕ್ರದ ಬದಲು ಎರಡು ಪಕ್ಕಕ್ಕೂ ಕಬ್ಬಿಣದ ಪಟ್ಟಿಗಳ ಚೈನು, ಮುಂದೆ ಮಣ್ಣು ತಳ್ಳುವ ಹಲಗೆ. ಯಾವುದೋ ಕಾಲದಲ್ಲಿ ಹಡಗಿನಲ್ಲಿ ಬಂದದ್ದಂತೆ.

ನಮ್ಮ ಮನೆಯವರು, "ನಂಜನಗೂಡಿಂದ ಒಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ ತೋರಿಸೋಣ" ಎಂದರು.

ಮಾವ ತಟ್ಟೆಯಿಂದ ತಲೆ ಎತ್ತಿದರು. "ಬೀಗರ ಊರ್ ಪಕ್ಕಕ್ಕೇ ಓಗಿ, ಬೀಗರನ್ನ ಬುಟ್ಟು, ಬೇರೆಯೋರ ಕೈಲಿ ನೋಡುಸ್ತಾರೇನೋ? ಅವ್ರು ಏನಂದ್ಕತಾರೆ?"

"ಅವ್ರು ಎತ್ತು ನೋಡೋರು ಕಣಪ್ಪ."

"ಎಳೆಯೋದ್ ತಾನೆ ಇದೂವೆ."

ಅಲ್ಲಿಗೆ ಮುಗಿಯಿತು. ನಾನು ಬಡಿಸುತ್ತಿದ್ದವಳು ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ. ಅವರು ಬೇಡ ಬೇಡ ಅನ್ನುತ್ತಿದ್ದರೂ.

ಹೋದ ದಿನ ನಾನೂ ಜೊತೆಗೆ ಹೊರಟೆ, ತವರಿನ ಆಸೆ. ಚಿತ್ರಾನ್ನ ಕಟ್ಟಿಕೊಂಡಿದ್ದೆವು. ಅಪ್ಪ ಕಂಟ್ರಾಕ್ಟರನ ಶೆಡ್ಡಿನ ಮುಂದೆ ಆಗಲೇ ಕಾಯುತ್ತಿದ್ದರು. ಒಗೆದ ಪಂಚೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಹೊಸ ಟವಲು. ಮೆಷಿನ್ನು ನೋಡಿದ ತಕ್ಷಣ ಅವರ ಮುಖದಲ್ಲಿ ಏನೋ ಹಾದುಹೋದದ್ದು ನನಗೆ ಕಂಡಿತು. "ನನಗೆ ಇದೆಲ್ಲ ತಿಳಿಯದು ಬೀಗರೇ" ಎಂದು ಹೇಳಬೇಕೆಂದು ಬಾಯಿಗೆ ಬಂದಿತ್ತೋ ಏನೋ. ಅಷ್ಟರಲ್ಲಿ ಮಾವ ಎಲ್ಲರ ಎದುರು ಕೈ ಮುಗಿದು, "ನೀವು ಊ ಅಂದ್ರೆ ಊ, ಊಊಂ ಅಂದ್ರೆ ಊಊಂ" ಎಂದುಬಿಟ್ಟರು. ಇಷ್ಟು ಮರ್ಯಾದೆ ತಲೆ ಮೇಲೆ ಬಿದ್ದ ಮೇಲೆ ಯಾವ ಹೆಣ್ಣು ಕೊಟ್ಟ ತಂದೆ ತಿಳಿಯದು ಅಂದಾನು?

ಅಪ್ಪ ಮೆಷಿನ್ನಿನ ಸುತ್ತ ಸಂತೆಯ ನಡಿಗೆಯಲ್ಲೇ ಒಂದು ಸುತ್ತು ಬಂದರು. ಪಕ್ಕೆಗೆ ಅಂಗೈಯಿಂದ ತಟ್ಟಿದರು. ಮೈತುಂಬ ಮಿರಿಮಿರಿ ಹಳದಿ ಬಣ್ಣ. ಉಗುರಿನಿಂದ ಕೆರೆದರೆ ಒಳಗೆ ಹಸಿರು. ಅಪ್ಪ ನಕ್ಕರು. "ಮುದಿ ಎತ್ತಿನ ಕೊಂಬಿಗೆ ಎಣ್ಣೆ ಸವ್ರಿ ಸಂತೆಗೆ ಇಡ್ಕಬರೋರ್ನ ಕಂಡಿವ್ನಿ. ಬಣ್ಣ ಬುಡಪ್ಪ, ಬಾಯಿ ತೋರ್ಸು."

ಕಂಟ್ರಾಕ್ಟರು ಕಣ್ಣು ಕಣ್ಣು ಬಿಟ್ಟ. "ಬಾಯಾ?"

ಅಪ್ಪ ಅದನ್ನು ತಾವೇ ಹುಡುಕಿಕೊಂಡರು. ಚೈನನ್ನು ಎಳೆಯುವ ದೊಡ್ಡ ಚಕ್ರ ಹಿಂದುಗಡೆ ಇತ್ತು, ಸುತ್ತ ಹಲ್ಲು. ಅಪ್ಪ ಕುಕ್ಕರುಗಾಲಲ್ಲಿ ಕೂತು, ಪಂಚೆ ತೊಡೆಗೆ ಸಿಕ್ಕಿಸಿಕೊಂಡು, ಒಂದೊಂದು ಹಲ್ಲಿನ ಮೇಲೂ ಹೆಬ್ಬೆರಳು ಆಡಿಸಿದರು. ಆ ಹೆಬ್ಬೆರಳು ಎಷ್ಟು ಸಾವಿರ ಎತ್ತುಗಳ ಒಸಡು ಮುಟ್ಟಿದ್ದೋ. ಅವರು ಎದ್ದಾಗ ಮುಖ ಬೆಳಗಿತ್ತು. ತಮಗೆ ತಿಳಿಯದ ಊರಲ್ಲಿ ತಮ್ಮ ಭಾಷೆ ಮಾತಾಡುವವರು ಸಿಕ್ಕಿದ ಹಾಗೆ.

"ಬೀಗರೇ, ಅಲ್ಲು ಒಂದೂ ಸವೆದಿಲ್ಲ. ಚೂಪ್‌ಗೆ ಎಂಗವೆ ನೋಡಿ! ಒಳಗ್ನ ಬಣ್ಣ ಅಳೇದಾದ್ರೂ ರಾಸು ಎಳೇದು ಕಣ್ರೀ. ಊ ಅನ್ನಿ."

ಆ ಕಂಟ್ರಾಕ್ಟರು ಮೋಸ ಮಾಡಿದನೆಂದು ನಾನು ಹೇಳಲಾರೆ. ಅವನು ಏನೂ ಹೇಳಲಿಲ್ಲ, ಅಷ್ಟೇ. ತುಟಿ ಒಳಕ್ಕೆ ಎಳೆದುಕೊಂಡು ನಿಂತಿದ್ದ. ಅಪ್ಪ ಟವಲು ತೆಗೆದು ಅವನ ಕೈಮೇಲೆ ಹಾಕಿದರು. ಮಡಿಕೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಎಷ್ಟಕ್ಕೆ ಆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯ ಬಂದಿಲ್ಲ. ಹೊಳೆದಂಡೆಯಲ್ಲಿ ಕೂತು ಚಿತ್ರಾನ್ನ ತಿಂದೆವು. ಮಾವ ಅಪ್ಪನಿಗೆ ತಾವೇ ಎಲೆ ಮಡಿಸಿ ಕೊಟ್ಟರು.

ಲಾರಿಯಲ್ಲಿ ಬಂದ ಮೆಷಿನ್ನಿಗೆ ಅತ್ತೆ ಆರತಿ ಎತ್ತಿದರು. ವಿಭೂತಿ ಪಟ್ಟೆ, ಕುಂಕುಮ, ಚೈನಿನ ಕೆಳಗೆ ನಿಂಬೆಹಣ್ಣು. ಅಪ್ಪ ಎತ್ತಿಗೆ ಕಟ್ಟುವ ಗೆಜ್ಜೆಸರ ಒಂದನ್ನು ತಂದು ಅದರ ಮೂತಿಗೆ ಕಟ್ಟಿಸಿದರು. ಮೊದಲ ಕೆಲವು ದಿನ ಹೊಲದಿಂದ ಗುಡುಗುಡು ಸದ್ದಿನ ನಡುವೆ ಆ ಗೆಜ್ಜೆ ಕೇಳುತ್ತಿತ್ತು. ನಾನು ಅಡುಗೆಮನೆಯಲ್ಲಿ ರಾಗಿ ಹಿಟ್ಟು ತೊಳಸುತ್ತ, ಅದು ನಮ್ಮಪ್ಪನ ದನಿಯೇ ಅನ್ನುವ ಹಾಗೆ ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ಮೆಷಿನ್ನು ತಿರುವಿನಲ್ಲಿ ಕಟಕಟ ಅನ್ನತೊಡಗಿತು. ಚೈನು ಹಲ್ಲಿನ ಮೇಲೆ ಹತ್ತಿ ಹತ್ತಿ ಜಾರುವುದು, ಕೊನೆಗೆ ಪೂರ್ತಿ ಕಳಚಿ ಕೆಸರಲ್ಲಿ ಸತ್ತ ಹಾವಿನಂತೆ ಬೀಳುವುದು. ಏರಿಸಿದರು, ಬಿತ್ತು. ಮತ್ತೆ ಏರಿಸಿದರು, ಮತ್ತೆ ಬಿತ್ತು. ಹೇಗೋ ಎಳೆದು ಮನೆಮುಂದಿನ ಕಣಕ್ಕೆ ತಂದು ನಿಲ್ಲಿಸಿ, ಕೊನೆಗೆ ನಂಜನಗೂಡಿನ ಮೆಕ್ಯಾನಿಕ್‌ನನ್ನೇ ಕರೆಸಿದರು. ಅವನಿಗೆ ಮಜ್ಜಿಗೆ ತೆಗೆದುಕೊಂಡು ನಾನು ಬಾಗಿಲು ದಾಟುತ್ತಿದ್ದೆ. ಅವನು ಹಿಂದಿನ ಚಕ್ರದ ಹತ್ತಿರ ಬಗ್ಗಿದವನು ಹಾಗೇ ತಿರುಗಿ ನೋಡಿದ.

"ಯಾರ್ ಸಾ ಇದನ್ನ ನೋಡಿ ತಗೊಂಡಿದ್ದು?"

 ನನ್ನ ಕೈಯಲ್ಲಿ ಲೋಟ ತಣ್ಣಗಿತ್ತು, ಕಿವಿ ಮಾತ್ರ ಒಲೆ ಮುಂದೆ ಇಟ್ಟ ಹಾಗೆ.

"ನಾನೇ ಕಣಪ್ಪ" ಎಂದರು ಮಾವ. "ಯಾಕೆ?"

"ಅಲ್ಲಾ ಸಾ, ಹೊಸಾದ್ರಲ್ಲಿ ಈ ಹಲ್ಲು ಮೊಂಡಾಗಿ, ದಪ್ಪಕ್ಕೆ, ನನ್ ಹೆಬ್ಬೆಟ್ಟಿನಂಗಿರ್ತವೆ. ಚೈನು ಉಜ್ಜಿ ಉಜ್ಜಿ ಹಿಂಗೆ ಚೂಪಾಗೋದು. ಚೂಪಾದ್ವು ಅಂದ್ರೆ ಮುಗೀತು ಅಂತ. ನೋಡಿ, ಗರಗಸ ಆಗೋಗದೆ! ಇದ್ರ ಸಾಮಾನು ಈಗ ಎಲ್ಲೂ ಸಿಕ್ಕಲ್ಲ, ಮಾಡಿದ ಕಂಪ್ನಿನೇ ಅದೋ ಇಲ್ವೋ. ಹರಳೆಣ್ಣೆ ಕಣ್ಣಿಗೆ ಬಿಟ್ಕೊಂಡು ನೋಡಿದ್ರಾ ಸಾ?"

"ನನ್ ಕಣ್ಣೇ ಅಂಗೆ" ಎಂದರು ಮಾವ. "ಮಜ್ಜಿಗೆ ಕುಡಿ."

ನಾನು ಲೋಟ ಕೊಟ್ಟು ಒಳಗೆ ಬಂದು, ಕೆಲಸವೇನೂ ಇರದಿದ್ದರೂ ಅಕ್ಕಿ ಡಬ್ಬ ತೆಗೆದು ಆರಿಸಲು ಕೂತೆ. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಜಗಳವಾಗಿದ್ದರೆ ಅಪ್ಪನ ಪರ ನಾನೂ ಎರಡು ಮಾತು ಆಡಬಹುದಿತ್ತು. ಮಾವ ನಮ್ಮಪ್ಪನ ತಪ್ಪನ್ನು ತಮ್ಮ ಹೆಗಲ ಟವಲಿನಂತೆ ಎತ್ತಿಕೊಂಡು ಹೊರಟುಹೋದರು. ಅದನ್ನು ನಾನು ಯಾರ ಹತ್ತಿರ ಜಗಳವಾಡಿ ಇಳಿಸಲಿ?

ಹೊಲ ಆಮೇಲೆ ಬಾಡಿಗೆ ಬುಲ್ಡೋಜರಿನಿಂದಲೇ ಮಟ್ಟವಾಯಿತು. ಚೈನ್ ಟ್ರ್ಯಾಕ್ಟರು ಕಣದಲ್ಲಿ, ಹುಲ್ಲಿನ ಮೆದೆಯ ಪಕ್ಕ, ನಿಂತಲ್ಲೇ ನಿಂತಿತು.

ನಾಚಿಕೆಗೂ ಒಂದು ದಿನಚರಿ ಇರುತ್ತದೆ, ನೋಡಿ. ಬೆಳಿಗ್ಗೆ ಕಣ ಗುಡಿಸುವಾಗ ಪೊರಕೆ ಅದರ ಹೊಟ್ಟೆಯಡಿಗೆ ತಲುಪುತ್ತಿರಲಿಲ್ಲ. ಅಲ್ಲಿ ಸೇರಿದ ತರಗನ್ನು ಬಗ್ಗಿ ಕೈಯಿಂದ ಎಳೆಯಬೇಕು. ಮಧ್ಯಾಹ್ನ ಅದರ ಮೂತಿಯ ತಗಡು ಚೆನ್ನಾಗಿ ಕಾಯುತ್ತಿತ್ತು. ಅತ್ತೆ ಅಲ್ಲೇ ಸಂಡಿಗೆ ಒಣಗಿಸುತ್ತಿದ್ದರು, ಬೇರೆಲ್ಲಿ ಒಣಗಿಸಿದರೂ ಅಷ್ಟು ಗರಿಗರಿ ಬರದು ಎಂದು ನನಗೆ ಸಮಾಧಾನವಾಗಲಿ ಅಂತಲೇ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಸಂಜೆ ಕೋಳಿ ಅದರ ಸೀಟಿನ ಕೆಳಗೆ ಮೊಟ್ಟೆ ಇಡುತ್ತದೆಂದು ಪಕ್ಕದ ಮನೆಯವಳು ಹುಡುಕಿಕೊಂಡು ಬರುವಳು. "ನಿಮ್ಮಪ್ಪ ಆರಿಸಿದ್ದು ವೇಸ್ಟಾಗ್ಲಿಲ್ಲ ಬುಡು ಅಮ್ಮಿ, ನನ್ ಕೋಳಿಗೆ ಮನೆ ಆಯ್ತು" ಅನ್ನುವಳು. ನಾನು ನಗುತ್ತಿದ್ದೆ. ನಗುತ್ತಲೇ ಮೊಟ್ಟೆ ಹುಡುಕಿ ಅವಳ ಕೈಗಿಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಮನೆಯಿಂದ ಹಲ್ಲು ಎನ್ನುವ ಶಬ್ದವೇ ಹೊರಟುಹೋಯಿತು. ಯಾರೂ ಕೂತು ಮಾತಾಡಿಕೊಂಡದ್ದಲ್ಲ, ತಾನಾಗಿ ಹೋಯಿತು. ಮಾವನಿಗೆ ದವಡೆ ಹಲ್ಲು ಹುಳುಕಾಗಿ ಮುಖ ಊದಿದಾಗ ಅತ್ತೆ ನನ್ನ ಮುಂದೆ "ನಿಮ್ಮಾವನಿಗೆ ಕೆನ್ನೆ ನೋವು" ಎಂದರು. ಹಲ್ಲುಪುಡಿ ಬರೀ ಪುಡಿಯಾಯಿತು. ಬಾಚಣಿಗೆಯ ಹಲ್ಲು ಮುರಿದರೆ "ಕಡ್ಡಿ ಮುರೀತು" ಅನ್ನುವರು. ಕುಡುಗೋಲಿಗೆ ಹಲ್ಲು ಕೆತ್ತುವವನು ಬೀದಿಯಲ್ಲಿ ಕೂಗಿಕೊಂಡು ಬಂದರೆ ಅತ್ತೆ ಓಡಿಹೋಗಿ ಅವನನ್ನು ಮುಂದಿನ ಮನೆಗೆ ಸಾಗಹಾಕುತ್ತಿದ್ದರು. ಅಷ್ಟು ಜನ ನನ್ನ ಒಬ್ಬಳಿಗಾಗಿ ನಾಲಿಗೆ ಬಿಗಿಹಿಡಿದು ಓಡಾಡುವುದನ್ನು ನೋಡಿದಾಗ, ಗಟ್ಟಿಯಾಗಿ "ಹಲ್ಲು ಹಲ್ಲು ಹಲ್ಲು" ಎಂದು ಕೂಗಿಬಿಡೋಣ ಅನ್ನಿಸುತ್ತಿತ್ತು. ಕೂಗಲಿಲ್ಲ. ಸಂಡಿಗೆ ಮಗುಚಿ ಹಾಕಿದೆ.

ಅಪ್ಪನಿಗೆ ಸಂತೆಯಲ್ಲೇ ಸುದ್ದಿ ತಲುಪಿತ್ತು. ಯಾರೋ "ಗುರುಮಲ್ಲಪ್ನೋರು ಈಗ ಕಬ್ಬಿಣದ ಅಲ್ಲೂ ನೋಡ್ತಾರಂತೆ, ನಮ್ ನೇಗಿಲ್ ಬಾಯೂ ಒಸಿ ನೋಡ್ಬುಡಿ ಅನ್ನಿ" ಎಂದರಂತೆ. ಅಪ್ಪ ಟವಲನ್ನು ತಲೆಗೆ ಸುತ್ತಿಕೊಂಡು ಎದ್ದು ಬಂದವರು ಮತ್ತೆ ಅದನ್ನು ಯಾರ ಕೈಮೇಲೂ ಹಾಸಲಿಲ್ಲ. ಕರೆಯಲು ಬಂದವರಿಗೆ "ಕಣ್ಣು ಮಂಜಾಗವೆ ಕಣಪ್ಪ" ಅನ್ನುತ್ತಿದ್ದರು. ಅದೇ ಕಣ್ಣಲ್ಲಿ ಅವ್ವನಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಅದನ್ನು ನಾನೇ ನೋಡಿದ್ದೇನೆ.

ನನ್ನನ್ನು ನೋಡಲು ಬರುವುದನ್ನು ನಿಲ್ಲಿಸಲಿಲ್ಲ. ಆದರೆ ಕಣದ ಕಡೆಯಿಂದ ಬರುತ್ತಿರಲಿಲ್ಲ. ಹಿಂದಿನ ಸ್ಟಾಪಿನಲ್ಲೇ ಬಸ್ಸಿಳಿದು, ಗದ್ದೆ ಬದುವಿನ ಮೇಲೆ ನಡೆದು, ಹಿತ್ತಲ ಬಾಗಿಲಿಗೆ ಬರುವರು. ಕಾಲೆಲ್ಲ ಕೆಸರು. ಮೊದಲ ಸಲ ಹಾಗೆ ಬಂದಾಗ ಮಾವ ಎದುರಾಗಿ ಮುಖ ಸಪ್ಪಗಾಗಿ, "ಅದು... ಡೀಸೆಲ್ ಇಲ್ಲ ಅಂತ ನಿಲ್ಸಿವ್ನಿ ಬೀಗರೇ" ಎಂದರು. ಅಪ್ಪ ಕೇಳಿರಲೇ ಇಲ್ಲ. "ಊ, ಡೀಸೆಲ್ ರೇಟೂ ಜಾಸ್ತಿ ಆಗದೆ" ಎಂದರು ಅಪ್ಪ. ಇಬ್ಬರೂ ಆಮೇಲೆ ಬಹಳ ಹೊತ್ತು ಮಳೆಯ ಬಗ್ಗೆ ಮಾತಾಡಿದರು. ಊಟಕ್ಕೆ ಎಬ್ಬಿಸಿದರೆ ಅಪ್ಪ, "ಈಗ ತಾನೆ ಆಯ್ತು" ಎನ್ನುವರು. ಮಜ್ಜಿಗೆ ಕುಡಿದು, ಬಂದ ದಾರಿಯಲ್ಲೇ ಹೊರಡುವರು. ಬದುವಿನ ಮೇಲೆ ಬಿಳಿ ಪಂಚೆ ಸಣ್ಣದಾಗುತ್ತ ಹೋಗುವುದನ್ನು ನಾನು ಬಚ್ಚಲ ಕಿಂಡಿಯಿಂದ ನೋಡುತ್ತಿದ್ದೆ. ಹೆಣ್ಣು ಕೊಟ್ಟ ಮನೆಗೆ ನಮ್ಮಪ್ಪ ಹೀಗೆ ಬರಬೇಕಾಯಿತಲ್ಲ ಎಂದು ಸಂಕಟ. ಬರದಿದ್ದರೇ ವಾಸಿಯಿತ್ತಲ್ಲ ಅನ್ನಿಸಿದ್ದೂ ಉಂಟು. ಅದಕ್ಕೆ ಇನ್ನೊಂದು ಸುತ್ತು ನಾಚಿಕೆ.

ಮಗಳು ಹುಟ್ಟಿದಳು. ಅವಳಿಗೆ ಕೆಳದವಡೆಯಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಂಡ ದಿನ ನಾನು ಎಲ್ಲ ಮರೆತು ಕುಣಿದುಬಿಟ್ಟೆ. ಅಪ್ಪ ಬಂದ ಕೂಡಲೇ ಮಗುವನ್ನು ತೊಡೆ ಮೇಲೆ ಹಾಕಿ, "ನೋಡಿ ಅಪ್ಪ, ನೀವೇ ನೋಡ್ಬೇಕು ಅಂತ ಕಾಯ್ತಿದ್ದೆ" ಎಂದೆ. ಮಗು ಬಾಯಿ ತೆರೆದು ಕೇಕೆ ಹಾಕುತ್ತಿತ್ತು. ಅಪ್ಪನ ಹೆಬ್ಬೆರಳು ತುಟಿಯ ಹತ್ತಿರದವರೆಗೆ ಬಂತು, ಅಲ್ಲಿಂದ ಕೆನ್ನೆಗೆ ಹೋಯಿತು. "ನೀವೆಲ್ಲ ನೋಡಿದ್ದೀರಲ್ಲ, ಸಾಕು ಬುಡವ್ವ" ಎಂದರು. ಅತ್ತೆ ಒಳಗೆ ಹೋದರು. ಮಾವ ಎದ್ದು, ಯಾವತ್ತೂ ಇಲ್ಲದೆ, ಕೊಟ್ಟಿಗೆಯ ಸಗಣಿ ತಾವೇ ಬಾಚಲು ನಿಂತರು.

ವರ್ಷಕ್ಕೊಮ್ಮೆಯಾದರೂ ಗುಜರಿಯವರು ಬಂದು ಕಣದಲ್ಲಿ ನಿಲ್ಲುತ್ತಿದ್ದರು. "ತೂಕಕ್ಕೆ ಹಾಕಿಬಿಡಿ ಯಜಮಾನ್ರೇ." ಮಾವ ಕೈ ಆಡಿಸಿ ಕಳಿಸಿಬಿಡುವರು. ಯಾಕೆ ಇಟ್ಟುಕೊಂಡಿದ್ದಾರೆ? ನಾನು ರಾತ್ರಿ ಹಗಲು ಅದನ್ನೇ ಯೋಚಿಸುತ್ತಿದ್ದೆ. ಬಾಯಲ್ಲಿ ಏನೂ ಅನ್ನದವರು ಕಣದಲ್ಲಿ ನಿಲ್ಲಿಸಿ ಅನ್ನುತ್ತಿದ್ದಾರೆ, ಬಂದವರು ಹೋದವರು ನೋಡಲಿ, ಸೊಸೆ ದಿನಾ ಗುಡಿಸಲಿ, ಅವಳಪ್ಪನ ಮಾತು ಎಷ್ಟಕ್ಕೆ ಬಿತ್ತೆಂದು ತಿಳಿಯಲಿ ಅಂತ. ಹೀಗೆಂದು ನನಗೆ ನಾನೇ ಅರ್ಥ ಮಾಡಿಕೊಂಡಿದ್ದೆ. ನಮ್ಮ ಮನೆಯವರನ್ನು ಒಮ್ಮೆ ಕೇಳಿದೆ, "ಅದನ್ನ ಮಾರಿಬಿಡಬಾರದಾ?" ಅವರು ಪೇಪರಿನಿಂದ ತಲೆ ಎತ್ತದೆ, "ಅಪ್ಪನ್ನ ಕೇಳು" ಎಂದರು. ಕೇಳುವ ಬಾಯಿ ನನಗೆಲ್ಲಿತ್ತು?

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಬೀದಿಗೆ ಕಾಂಕ್ರೀಟು ಹಾಕುವುದೆಂದಾಯಿತು. ಚರಂಡಿ ನಮ್ಮ ಕಣದ ಅಂಚಿನಲ್ಲೇ ಬರಬೇಕು, ಮೆಷಿನ್ನು ಅಡ್ಡ. ಈ ಸಲ ಗುಜರಿಯವನನ್ನು ಮಾವನೇ ಕರೆಸಿದರು. ನನಗೆ ಎದೆ ಹಗುರಾಯಿತು, ಕೊನೆಗೂ ಕಣ ಖಾಲಿ ಅಂತ. ಅಷ್ಟರಲ್ಲಿ ಗೊತ್ತಾಯಿತು, ಮಾವ ನಮ್ಮಪ್ಪನಿಗೂ ಹೇಳಿ ಕಳಿಸಿದ್ದಾರೆ. ಹೇಳಿ ಕಳಿಸಿದ್ದಷ್ಟೇ ಅಲ್ಲ, ಬೆಳಿಗ್ಗೆ ತಾವೇ ಹಿಂದಿನ ಸ್ಟಾಪಿಗೆ ಹೋಗಿ ಕಾದು ನಿಂತಿದ್ದಾರೆ.

ಇಬ್ಬರೂ ಬೀದಿ ತುದಿಯಲ್ಲಿ ಕಂಡರು. ಮಾವ ಅಪ್ಪನ ಮೊಣಕೈ ಹಿಡಿದಿದ್ದರು, ಬದುವಿನ ಕಡೆಗೆ ತಪ್ಪಿಸಿಕೊಳ್ಳದ ಹಾಗೆ. ಊರ ನಾಲ್ಕು ಜನ ಆಗಲೇ ಕಣದಲ್ಲಿ ಸೇರಿದ್ದರು. ನಾನು ಕಂಬ ಹಿಡಿದು ನಿಂತೆ. ಇಷ್ಟು ವರ್ಷ ಕಾದು, ಎಲ್ಲರ ಮುಂದೆ ತೂಕಕ್ಕೆ ಹಾಕಿ ತೋರಿಸುತ್ತಾರೆ. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅಪ್ಪ ಮೆಷಿನ್ನಿನ ಮುಖ ನೋಡದೆ ಹೇಳಿದರು, "ನನ್ನ ಯಾಕ್ ಕರ್ಸುದ್ರಿ ಬೀಗರೇ? ತೂಕ ಆಕಿ ಕೊಟ್ಬುಡೋದಲ್ವಾ?"

"ಅದೆಂಗಾದದು?" ಮಾವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ತರೋವಾಗ ಕೈ ಮಡಗ್ದೋರು ನೀವು. ಕೊಡೋವಾಗ ಬ್ಯಾರೇರು ಮಡಗ್ಬುಟ್ರೆ ನಿಮ್ ಪದ್ಧತಿ ಏನಾಯ್ತದೆ? ನಿಮ್ ಮಗಳೇ ಏಳಿದ್ಲಲ್ಲ, ಮದ್ವೆ ಆದ ಒಸದ್ರಲ್ಲಿ. ಅದ್ಕೇ ಕಾದೆ. ನೀವು ನೋಡಿದ್ರೆ ಮುಂದ್ಗಡೆ ಕಡೆ ಬರ್ನೇ ಇಲ್ಲ. ನಾನೆಂಗೆ ಕರೀಲಿ? ಕರುದ್ರೆ ಎಲ್ಲಿ ಬೇಜಾರ್ ಮಾಡ್ಕತೀರೋ ಅಂತ."

ಕಂಬ ನನ್ನನ್ನು ಹಿಡಿದುಕೊಂಡಿತೋ, ನಾನು ಕಂಬವನ್ನೋ, ತಿಳಿಯಲಿಲ್ಲ. ಕೊಳಾಯಿ ಹತ್ತಿರ ನಾನು ಆಡಿದ ಜಂಬದ ಮಾತು ಸುತ್ತಿ ಬಳಸಿ ಮಾವನ ಕಿವಿಗೆ ಬಿದ್ದಿದೆ. ಅವರು ಅದನ್ನು ಜಂಬವೆಂದು ತಿಳಿಯದೆ ಕಟ್ಟಳೆಯೆಂದು ತಿಳಿದಿದ್ದಾರೆ. ಅಷ್ಟು ವರ್ಷ ಬಂದ ಗುಜರಿಯವರನ್ನೆಲ್ಲ ವಾಪಸು ಕಳಿಸಿದ್ದಾರೆ. ನಾನು ದಿನಾ ಬೆಳಿಗ್ಗೆ ಬಗ್ಗಿ ಕೈಯಿಂದ ತರಗು ಎಳೆದದ್ದು ಅವಮಾನದ ಅಡಿಯಿಂದಲ್ಲ, ಮರ್ಯಾದೆಯ ಅಡಿಯಿಂದ.

ಅಪ್ಪ ಮೆಷಿನ್ನಿನ ಕಡೆ ತಿರುಗಿದರು. ಆಮೇಲೆ ಪಂಚೆ ತೊಡೆಗೆ ಸಿಕ್ಕಿಸಿಕೊಂಡು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತರು. ತುಕ್ಕು ಹಿಡಿದ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು, ಒಂದೊಂದನ್ನೂ, ಅವಸರವಿಲ್ಲದೆ.

"ಮುದಿ ಕಣ್ರೀ ಬೀಗರೇ" ಎಂದರು. "ಅವತ್ತೇ ಮುದಿ. ಅಲ್ಲು ಸವೆದು ಚೂಪಾಗಿದ್ವು. ನಾನು ತಿರುಗಾಮುರುಗಾ ಓದ್ಬುಟ್ಟೆ."

ನಮ್ಮ ಮನೆಯ ಕಣದಲ್ಲಿ ಆ ಶಬ್ದ ಅಷ್ಟು ವರ್ಷಗಳ ಮೇಲೆ ಬಿತ್ತು. ಅತ್ತೆ ಬಾಗಿಲ ಹಿಂದಿನಿಂದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಊಊ, ಕಬ್ಬಿಣದ್ ಬುದ್ದಿನೇ ಉಲ್ಟಾ ಅಂತ ಕಾಣ್ತದೆ" ಎಂದರು ಮಾವ. "ಇರ್ಲಿ, ಬೆಲೆ ಕಟ್ಟಿ."

ಅಪ್ಪ ಎದ್ದು ಹೆಗಲ ಟವಲು ತೆಗೆದರು. ಗುಜರಿಯವನು ಹಿಂದೆ ಸರಿದ. "ಏನ್ ಯಜಮಾನ್ರೇ ಇದು? ಕಬ್ಬಿಣ ಕೆ.ಜಿ. ರೇಟು ಪೇಟೇಲಿ ಎಲ್ರಿಗೂ ಗೊತ್ತಿರೋದೇ. ಟವಲ್ ಯಾಕೆ?"

"ಕೈ ಕೊಡಯ್ಯ ನೀನು" ಎಂದು ಮಾವ ಗದರಿದರು. "ಬೀಗರು ನೋಡ್ತಾವ್ರೆ."

ಪಾಪ, ಅವನು ಕೈ ಕೊಟ್ಟ. ಬೆರಳ ಭಾಷೆ ಅವನಿಗೆ ಎಲ್ಲಿ ಬರಬೇಕು? ಕಚಗುಳಿಯಾದವನಂತೆ ನುಲಿಯುತ್ತಿದ್ದ. ಟವಲಿನ ಮಡಿಕೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಏನು ತೀರ್ಮಾನವಾಯಿತೋ. ಅವನು ಕೊನೆಗೆ "ಆಯ್ತು ಬುಡಿ, ನಿಮ್ಮಾತೇ ಆಗ್ಲಿ" ಎಂದ. ಕಣದಲ್ಲಿದ್ದ ಯಾರೂ ನಗಲಿಲ್ಲ. ಕೋಳಿಯ ಒಡತಿ ಮಾತ್ರ, "ನನ್ ಮೊಟ್ಟೆ ತಗೊಂಡು ಆಮೇಲೆ ತೂಗಿ" ಎಂದಳು. ಒಯ್ಯುವ ಮುಂಚೆ ಮಾವ ಚೈನಿನಿಂದ ಒಂದು ಪಟ್ಟಿ ಬಿಚ್ಚಿಸಿ ಹಿತ್ತಲ ಬಾಗಿಲಿಗೆ ಹಾಕಿಸಿದರು. "ಬೀಗರ ಕಾಲ್‌ಗೆ ಕೆಸ್ರಾಯ್ತದೆ" ಎಂದರು. ಇನ್ನು ಮುಂದೆ ಅಪ್ಪ ಹಿತ್ತಲಿಂದ ಬರಬೇಕಾದದ್ದಿಲ್ಲ ಎಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಹಾಕಿಸಿದರೋ.

ಅಪ್ಪ ಅವತ್ತು ನಮ್ಮ ಮನೆಯಲ್ಲಿ ಊಟ ಮಾಡಿದರು.  ನಾನು ಅವರ ಮುಖವನ್ನೇ ನೋಡುತ್ತ ಬಡಿಸಿದ್ದಕ್ಕೆ ಸಾರು ಬಹಳಷ್ಟು ಚಾಪೆಯ ಪಾಲಾಯಿತು. ಊಟವಾದ ಮೇಲೆ ಜಗಲಿಯಲ್ಲಿ ಇಬ್ಬರು ಹಿರಿಯರೂ ಎಲೆ ಹಾಕಿಕೊಂಡು ಕೂತಿದ್ದರು. ಮುಂದಿನ ಹಾಲುಹಲ್ಲು ಬಿದ್ದು ಹೊಸದು ಇಣುಕುತ್ತಿದ್ದ ನನ್ನ ಮಗಳು ಕಣದ ಸುದ್ದಿಯನ್ನು ಬೀದಿಯಲ್ಲೇ ಕೇಳಿಸಿಕೊಂಡು ಇಸ್ಕೂಲಿಂದ ಬಂದಳು. ಅವಳಿಗೆ ಈ ಮನೆಯ ಬಾಯಿಬೀಗ ಏನು ಗೊತ್ತು? ನೇರವಾಗಿ ತಾತನ ಮುಂದೆ ನಿಂತು ಬಾಯಿ ತೆರೆದಳು.

"ತಾತ, ನನ್ ಹಲ್ಲು ಚೂಪಾಗಿದಾವಾ, ಮೊಂಡಾಗಿದಾವಾ?"

ಅಪ್ಪ ಹೆಬ್ಬೆರಳನ್ನು ಟವಲಿಗೆ ಚೆನ್ನಾಗಿ ಒರೆಸಿಕೊಂಡರು. ಮಗುವಿನ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ಹೊಸ ಹಲ್ಲಿನ ಮೇಲೆ ಬೆರಳು ಇಟ್ಟರು. ಇಟ್ಟವರು ಉತ್ತರ ಹೇಳುವ ಮೊದಲು ಒಮ್ಮೆ ತಲೆ ಎತ್ತಿ ಮಾವನ ಮುಖ ನೋಡಿದರು.

ಮಾವ ಎಲೆಯ ರಸ ಉಗಿದು ಬಂದು ಹೇಳಿದರು, "ನನ್ನ ಯಾಕ್ ನೋಡೀರಿ? ಚೂಪೋ ಮೊಂಡೋ ನೀವೇ ಏಳಿ."